ಹಳದಿ ಕೈಯ ಹಸಿರು ಬಳೆ

ಇಪ್ಪತ್ತೊಂದು ದಿನಗಳಲ್ಲಿ ಇಪ್ಪತ್ತೊಂದು ದಿನವೂ ಶಾವಂತ್ರೆವ್ವನ ಬಳೆ ಹಸಿರಾಗಿತ್ತು. ಅದು ಆಗಬಾರದ ಸಂಗತಿ. ಅವಳ ಜೊತೆಗೆ ಕಲಿಯುತ್ತಿದ್ದ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗಿಯರ ಬಳೆಗಳೇ ತಿಂಗಳಿಗೆ ಎಂಟೋ ಹತ್ತೋ ದಿನ ಹಸಿರಾಗಿ, ಉಳಿದ ದಿನ ಬೂದುಬಣ್ಣಕ್ಕೆ ತಿರುಗುತ್ತಿದ್ದವು. ಶಾವಂತ್ರೆವ್ವನಿಗೆ ಐವತ್ತೆರಡು.

ಅದು ೨೦೪೩ರ ಮಾರ್ಚ್ ತಿಂಗಳು. ಜಮಖಂಡಿಯ ಹೊರವಲಯದಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾಲನೆ ಕಲಿಸುವ ಕೇಂದ್ರವೊಂದಿತ್ತು. ಕಲಿಯಲು ಬಂದವರು ಹನ್ನೆರಡು ಮಂದಿ. ಕಲಿಸುವ ಯಂತ್ರಗಳು ಮೂರೇ. ಯಂತ್ರವೆಂದರೆ ಅಲುಗಾಡುವ ಆಸನ, ನಿಜವಾದ ಸ್ಟೇರಿಂಗು, ಎದುರಿಗೂ ಎಡಬಲಕ್ಕೂ ರಸ್ತೆ ತೋರಿಸುವ ಪರದೆ. ಹುಡುಗಿಯರು ಅದಕ್ಕೆ ಪರದೆ ಬಸ್ಸು ಎಂದು ಹೆಸರಿಟ್ಟಿದ್ದರು. ಯಾರು ಯಾವತ್ತು ಪರದೆ ಬಸ್ಸು ಹತ್ತಬೇಕೆಂಬುದನ್ನು ಬಳೆ ನಿರ್ಧರಿಸುತ್ತಿತ್ತು. ಹಸಿರಿದ್ದರೆ ಪಾಠ, ಬೂದಿದ್ದರೆ ರಸ್ತೆ ಚಿಹ್ನೆಗಳ ಪುಸ್ತಕ.

ಬಳೆಯ ಹಿಂದಿನ ವಿಜ್ಞಾನ ಹೊಸದಲ್ಲ. ನಾವು ಏನನ್ನಾದರೂ ಮಾಡಿ ಅದಕ್ಕೆ ಬಹುಮಾನ ಸಿಕ್ಕಾಗ ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಚಿಮ್ಮುತ್ತದೆ. ಬಹುಮಾನ ಎಷ್ಟು ದೊಡ್ಡದು ಎಂಬುದಕ್ಕಿಂತ, ಅಂದುಕೊಂಡದ್ದಕ್ಕಿಂತ ಎಷ್ಟು ಹೆಚ್ಚು ಸಿಕ್ಕಿತು ಎಂಬುದನ್ನು ಅದು ಸಾರುತ್ತದೆ. ಸಾರುವ ದನಿ ಜೋರಾಗಿದ್ದಷ್ಟೂ ಮಿದುಳು ಪಾಠವನ್ನು ಬೇಗ ಹಿಡಿಯುತ್ತದೆ. ಹೆಣ್ಣಿನ ದೇಹದಲ್ಲಿ ಈಸ್ಟ್ರಡಯೋಲ್ ಎಂಬ ಹಾರ್ಮೋನು ಏರಿದ ದಿನಗಳಲ್ಲಿ ಚಿಮ್ಮಿದ ಡೋಪಮೈನ್ ಬೇಗ ಹೀರಿಹೋಗುವುದಿಲ್ಲ. ದನಿ ಇನ್ನಷ್ಟು ಗಟ್ಟಿಯಾಗಿ ಕೇಳುತ್ತದೆ. ಇಲಿಗಳಲ್ಲಿ ಇದನ್ನು ಎಷ್ಟೋ ವರ್ಷಗಳ ಹಿಂದೆಯೇ ಕಂಡಿದ್ದರು. ಹಾಗಾದರೆ ಆ ದಿನಗಳನ್ನು ಗುರುತಿಸಿ ಆಗಲೇ ಪಾಠ ಹೇಳಿದರೆ? ವಿಜಯಪುರದ ಡಾ. ನಜ್ಮಾ ಇನಾಮದಾರ ಏಳು ವರ್ಷ ದುಡಿದು ಬಳೆಯನ್ನು ಮಾಡಿದ್ದು ಈ ಒಂದು ಪ್ರಶ್ನೆಯಿಂದ. ಬಳೆಯ ಒಳಮೈಗೆ ಒಂದು ಲೇಪವಿತ್ತು. ಬೆವರಿನಲ್ಲಿರುವ ಈಸ್ಟ್ರಡಯೋಲ್ ಅದಕ್ಕೆ ಅಂಟಿದರೆ ನೀಲಿ ಬೆಳಕಿನಡಿ ಲೇಪ ಹೊಳೆಯುತ್ತದೆ. ಹೊಳಪನ್ನು ಬಳೆ ನೂರಕ್ಕಿಷ್ಟು ಎಂದು ಅಂಕವಾಗಿಸುತ್ತದೆ, ಅಂಕ ಏರಿದರೆ ಹಸಿರಾಗುತ್ತದೆ. ಮೊದಲೆರಡು ತಂಡಗಳು ನಲವತ್ತೈದು ದಿನದ ಪಾಠವನ್ನು ಮೂವತ್ತು ದಿನಕ್ಕೆ ಕಲಿತಿದ್ದವು.

ಮೂರನೆಯ ತಂಡಕ್ಕೆ ಕೇಂದ್ರ ಒಂದು ನಿಯಮವನ್ನೂ ಸೇರಿಸಿತು. ಅರ್ಜಿ ಹಾಕಿದ ತಿಂಗಳಲ್ಲಿ ಅತಿ ಹೆಚ್ಚಿನ ಅಂಕವೂ ನಲವತ್ತರ ಕೆಳಗಿದ್ದವರಿಗೆ ಪ್ರವೇಶವಿಲ್ಲ. ನಲವತ್ತೈದು ವರ್ಷ ದಾಟಿ ಅರ್ಜಿ ಹಾಕಿದ್ದ ಹದಿನಾಲ್ಕು ಹೆಂಗಸರಲ್ಲಿ ಹದಿಮೂರು ಮಂದಿ ಬಾಗಿಲಿನಿಂದಲೇ ಹಿಂತಿರುಗಿದ್ದರು. ಹದಿನಾಲ್ಕನೆಯವಳು ಶಾವಂತ್ರೆವ್ವ. ಅವಳ ಅಂಕ ತೊಂಬತ್ತೊಂದು.

"ಅಕ್ಕಾರ, ಸ್ಟೇರಿಂಗ್ ಹಿಡೀರಿ, ರೊಟ್ಟಿ ಬಡೀಬ್ಯಾಡ್ರಿ," ಎಂದರು ಹತ್ತನೆಯ ದಿನದ ಪಾಠದಲ್ಲಿ ಫಕೀರಪ್ಪ ಬೆನಕಟ್ಟಿ. ಮೂವತ್ತಾರು ವರ್ಷ ಬಸ್ಸು ನಡೆಸಿ ನಿವೃತ್ತರಾದ ಮೇಲೆ ಇಲ್ಲಿ ಗುರುವಾಗಿದ್ದರು.

"ಬಡ್ಯಾಕ ಹಿಟ್ಟೆಲ್ಲೈತ್ರಿ ಇದ್ರಾಗ?" ಎಂದಳು ಶಾವಂತ್ರೆವ್ವ.

"ಹಿಂದಿನ ಗಾಲಿ ನೋಡ್ರಿ, ಹಿಂದಿನ ಗಾಲಿ. ಅದು ನಿಮ್ಮ ಮಾತ ತಡಾ ಮಾಡಿ ಕೇಳ್ತೈತಿ."

"ನಮ್ಮ ಮನಿಯವರಂಗ."

ಪಕ್ಕದ ಆಸನದಲ್ಲಿ ದೀಪಾಲಿ ಎಂಬ ಹುಡುಗಿ ನಕ್ಕು ತನ್ನ ಬಸ್ಸನ್ನು ಪರದೆಯ ಹುಣಸೆಮರಕ್ಕೆ ಗುದ್ದಿದಳು.

ಪ್ರತಿ ಪಾಠಕ್ಕೂ ಮೊದಲು ಪರದೆ ಒಂದು ಪ್ರಶ್ನೆ ಕೇಳುತ್ತಿತ್ತು: ಈ ಸಲ ಗೆಜ್ಜೆ ಘಲ್ಲೆಂದೀತೆ? ಪಾಠ ಸರಿಯಾದರೆ ಗೆಜ್ಜೆಯ ದನಿ ಕೇಳುವುದೇ ಅಲ್ಲಿಯ ಬಹುಮಾನ. ಹತ್ತು ಗೆಜ್ಜೆಗೆ ಒಂದು ತುಂಡು ಕರದಂಟು. ಸೊನ್ನೆಯಿಂದ ಹತ್ತರವರೆಗಿನ ಗೀಟಿನ ಮೇಲೆ ಬೆರಳಿನಿಂದ ಮುಳ್ಳು ಸರಿಸಿ ಉತ್ತರ ಹೇಳಬೇಕು. ಆಮೇಲೆ ಹಣೆಗೆ ಕಟ್ಟಿದ ಪಟ್ಟಿ, ಗೆಜ್ಜೆ ಕೇಳಿದಾಗ ಮಿದುಳಿನಲ್ಲಿ ಏಳುವ ಅಲೆಯನ್ನು ಅಳೆಯುತ್ತಿತ್ತು. ಶಾವಂತ್ರೆವ್ವ ಮುಳ್ಳನ್ನು ಸರಿಸಿ, ಬಸ್ಸನ್ನು ಹಿಂದಕ್ಕೆ ತೆಗೆದು, ಎರಡು ಗೋಡೆಗಳ ನಡುವೆ ನಿಲ್ಲಿಸಿದಳು. ಗೆಜ್ಜೆ ಘಲ್ಲೆಂದಿತು.

"ಬರೋಬ್ಬರಿ," ಎಂದರು ಫಕೀರಪ್ಪ. ಸರಿಯಾಗಿದೆ ಎಂಬ ಆ ಮಾತನ್ನು ಈ ತಂಡದಲ್ಲಿ ಅವರು ಆಡಿದ್ದು ಅದೇ ಮೊದಲು.

ಶಾವಂತ್ರೆವ್ವ ಹಿಂದೆ ತಿರುಗಿ ನೋಡಿದಳು. ಬೇರೆ ಯಾರಿಗೋ ಹೇಳಿರಬೇಕು ಎಂದುಕೊಂಡಿದ್ದಳು.

ಅವಳ ಊರು ಹೊಳೆಮುದ್ದಾಪುರ, ಕೃಷ್ಣಾ ನದಿಯ ದಂಡೆ. ಊರಿನ ನಲವತ್ತು ಹೆಂಗಸರು ಹದಿನಾಲ್ಕು ಕಿಲೋಮೀಟರ್ ದೂರದ ತೇರದಾಳದಲ್ಲಿ, ಬೇಯಿಸಿ ಒಣಗಿಸಿದ ಅರಿಶಿನದ ಕೊಂಬನ್ನು ಯಂತ್ರಕ್ಕೆ ಹಾಕಿ ಉಜ್ಜಿ ನಯಗೊಳಿಸುವ ಶೆಡ್ಡುಗಳಲ್ಲಿ ದುಡಿಯುತ್ತಿದ್ದರು. ಊರಿಗೆ ಬರುತ್ತಿದ್ದ ಒಂದೇ ಬಸ್ಸು, ಚಾಲಕರಿಲ್ಲವೆಂದು ಎಂಟು ತಿಂಗಳ ಹಿಂದೆ ನಿಂತಿತ್ತು. ಅಂದಿನಿಂದ ಹೆಂಗಸರು ಸರಕಿನ ಟೆಂಪೋದಲ್ಲಿ ನಿಂತು ಹೋಗುತ್ತಿದ್ದರು. ನವೆಂಬರಿನಲ್ಲಿ ಟೆಂಪೋ ಕಾಲುವೆಯ ಏರಿಯಲ್ಲಿ ಮಗುಚಿ ಇಬ್ಬರ ಕೈ ಮುರಿಯಿತು. ಸಾರಿಗೆ ಇಲಾಖೆಯ ಹೊಸ ಯೋಜನೆಯೊಂದಿತ್ತು: ಊರಿನವಳೇ ಒಬ್ಬಳು ಕಲಿತು ಪಾಸಾದರೆ ಊರಿಗೊಂದು ವಿದ್ಯುತ್ ಬಸ್ಸು. ಕೊನೆಯ ದಿನ ಮಾರ್ಚ್ ಮೂವತ್ತೊಂದು. ತಪ್ಪಿದರೆ ಬಸ್ಸು ಬೇರೆ ಊರಿಗೆ. ಹೊಳೆಮುದ್ದಾಪುರದ ಹುಡುಗಿಯರೆಲ್ಲ ಮದುವೆಯಾಗಿಯೋ ಓದಲೆಂದೋ ಹೊರಗಿದ್ದರು. ಇದ್ದ ಹೆಂಗಸರಲ್ಲಿ ಅರ್ಜಿ ಹಾಕಲು ಮುಂದೆ ಬಂದವಳು ಶಾವಂತ್ರೆವ್ವ ಒಬ್ಬಳೇ.

ಬೆಳಗ್ಗೆ ಆರರಿಂದ ಹತ್ತರವರೆಗೆ ಶೆಡ್ಡು, ಹನ್ನೊಂದರಿಂದ ಪಾಠ, ಸಂಜೆ ಮನೆ. ಮನೆಯಲ್ಲಿ ಅತ್ತೆ ಕಲ್ಲವ್ವ.

ಕಲ್ಲವ್ವನಿಗೆ ಎಪ್ಪತ್ತೆಂಟು. ಸೊಸೆಯ ರೊಟ್ಟಿ ತಿನ್ನಲು ತೊಡಗಿ ಮೂವತ್ತೊಂದು ವರ್ಷವಾಗಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಚಲೋ ಆಗಿದೆ ಎಂದವಳಲ್ಲ. ಕೆಟ್ಟಿದೆ ಎಂದೂ ಬಿಟ್ಟೆದ್ದವಳಲ್ಲ. ಒಂದೂವರೆ ರೊಟ್ಟಿ ತಿಂದು ತಟ್ಟೆಯಲ್ಲಿ ಕೈ ತೊಳೆಯುತ್ತಿದ್ದಳು. ಅವಳ ಮಗ, ಶಾವಂತ್ರೆವ್ವನ ಗಂಡ ಈರಪ್ಪ ಮಗ್ಗದ ಕೆಲಸ ಮುಗಿಸಿ ಬಂದು, "ಎವ್ವಾ, ಇನ್ನೊಂದು ಹಾಕು ಅಂತ ನೀ ಅಂದ ದಿನ ಊರಿಗೆಲ್ಲಾ ಪೇಡೆ ಹಂಚ್ತೇನಿ," ಎಂದು ಕಾಡುತ್ತಿದ್ದ.

"ನಿನ್ನ ಪೇಡೆ ನೀನ ತಿನ್ನು," ಎನ್ನುತ್ತಿದ್ದಳು ಕಲ್ಲವ್ವ. ಅವತ್ತು ಸೊಸೆಯತ್ತ ತಿರುಗಿ ಕೇಳಿದಳು: "ಗಾಡಿ ಬಂತೇನ?"

"ಪರದೇದಾಗ ಬಂತ್ರಿ ಅತ್ತಿ. ಇವತ್ತು ಹಿಂದಕ ತಗೊಳ್ಳೂದು ಕಲಸಿದ್ರು."

"ಮುಂದಕ ಹೋಗೂದು ಬಂದಂಗಾತು, ಇನ್ನ ಹಿಂದಕ ಹೊಂಟಾಳ."

"ಕಲತ್ರ ನಿಮ್ಮನ್ನ ತೇರದಾಳಕ್ಕ ಕರಕೊಂಡ ಹೋಗ್ತೇನ್ರಿ, ನಿಮ್ಮ ತಂಗಿ ಮನಿಗೆ."

"ಹಾಂ. ಅಷ್ಟ್ರಾಗ ಅಕಿ ಇಲ್ಲಿಗೆ ನಡಕೋತ ಬಂದಿರ್ತಾಳ." ಕಲ್ಲವ್ವನ ತಂಗಿಗೆ ಮಂಡಿನೋವು, ಎಂಟು ತಿಂಗಳಿಂದ ಅಕ್ಕತಂಗಿಯರು ಮುಖ ನೋಡಿರಲಿಲ್ಲ.

ಇಪ್ಪತ್ತೆರಡನೆಯ ದಿನ ಡಾ. ನಜ್ಮಾ ಶಾವಂತ್ರೆವ್ವನನ್ನು ತಮ್ಮ ಕೋಣೆಗೆ ಕರೆಸಿದರು. ಹನ್ನೆರಡು ಬಳೆಗಳ ಸುದ್ದಿ ಬರುವ ಗೋಡೆ ಪರದೆ ಅಲ್ಲಿತ್ತು. ಹನ್ನೊಂದು ಗೆರೆಗಳು ಅಲೆಯಂತೆ ಏರಿಳಿಯುತ್ತಿದ್ದವು. ಹನ್ನೆರಡನೆಯದು ಮೇಲೆ ಹೋಗಿ ಅಲ್ಲೇ ನಿಂತಿತ್ತು, ಹಗ್ಗಕ್ಕೆ ಕಟ್ಟಿದಂತೆ.

"ಶಾವಂತ್ರೆವ್ವನವರ, ನಿಮಗ ತಿಂಗಳ ನಿಂತು ಎಷ್ಟ ವರ್ಷ ಆತ್ರಿ?"

"ನಾಕು. ಯಾಕ್ರಿ ಬಾಯಾರ?"

"ನಿಮ್ಮ ಬಳಿ ಹೇಳೂದು ಖರೇ ಆದ್ರ ನೀವು ವಿಜ್ಞಾನದ ಪುಸ್ತಕಾನ ಹರದ ಹಾಕಿದ್ರಿ. ಒಂದೀಟು ರಕ್ತ ಕೊಡ್ತೀರೇನು?"

"ಪುಸ್ತಕ ಹರದದ್ದಕ್ಕ ದಂಡ ಏನ್ರಿ?"

ನಜ್ಮಾ ನಕ್ಕರು. ಇದು ನಿಜವಾದರೆ ಪ್ರಪಂಚದ ಪತ್ರಿಕೆಗಳು ಬಾಗಿಲಿಗೆ ಬರುತ್ತವೆ. ಬರೀ ಬಳೆಯ ಅಂಕವಲ್ಲ, ಕಲಿಕೆಯೂ ಹಾಗೆಯೇ ಇತ್ತು: ಹನ್ನೆರಡು ಮಂದಿಯಲ್ಲಿ ಎಲ್ಲರಿಗಿಂತ ಬೇಗ ಕಲಿಯುತ್ತಿದ್ದವಳು ಶಾವಂತ್ರೆವ್ವ, ಗೆಜ್ಜೆಗೆ ಮಿದುಳಿನಲ್ಲಿ ಎಲ್ಲರಿಗಿಂತ ಎತ್ತರದ ಅಲೆ ಎದ್ದದ್ದೂ ಅವಳಲ್ಲೇ.

ರಕ್ತದ ವರದಿ ಮರುದಿನ ಬಂತು. ಬಳೆಯ ಅಂದಾಜಿನಂತೆ ಮಿಲಿಲೀಟರಿಗೆ ಇನ್ನೂರ ಅರವತ್ತು ಪಿಕೋಗ್ರಾಂ ಈಸ್ಟ್ರಡಯೋಲ್ ಇರಬೇಕಿತ್ತು. ಇದ್ದದ್ದು ಹದಿನಾಲ್ಕು. ಐವತ್ತೆರಡರ ಯಾವ ಹೆಂಗಸಿನಲ್ಲೂ ಇರುವಷ್ಟೇ.

ನಜ್ಮಾ ವರದಿಯನ್ನು ಎರಡು ಸಲ ಓದಿದರು. ಬಳೆ ಬಿಚ್ಚಿಸಿ ಹೊಸ ಬಳೆ ಹಾಕಿದರು, ಅದೂ ಹಸಿರಾಯಿತು. ತಮ್ಮ ಕೈಗೆ ಹಾಕಿಕೊಂಡರು, ಬೂದಾಯಿತು. ಕಿಟಕಿಯ ಪರದೆ ಎಳೆದು, ದೀಪ ಆರಿಸಿ, ಬಳೆಯೊಳಗಿರುವಂಥದೇ ನೀಲಿ ಬೆಳಕಿನ ಬ್ಯಾಟರಿಯನ್ನು ಶಾವಂತ್ರೆವ್ವನ ಮಣಿಕಟ್ಟಿನ ಮೇಲೆ ಬಿಟ್ಟರು.

ಕೈಗಳೆರಡೂ ಹಸಿರು ಮಿಶ್ರಿತ ಹಳದಿಯಾಗಿ ಹೊಳೆದವು. ಬೆರಳ ಸಂದಿ, ಉಗುರಿನ ಅಂಚು, ಅಂಗೈಯ ಗೆರೆ ಗೆರೆಯೂ.

"ಯವ್ವಾ! ಮಿಣುಕುಹುಳ ಆಗೇನಿ ನಾ!"

"ಅರಿಶಿನ," ಎಂದು ನಜ್ಮಾ ಕುರ್ಚಿಯಲ್ಲಿ ಕುಳಿತರು. "ಅರಿಶಿನದ ಬಣ್ಣ ನೀಲಿ ಬೆಳಕಿನ್ಯಾಗ ತಾನ ಹೊಳೀತೈತಿ. ನನ್ನ ಲೇಪ ಹೊಳಿಯೂ ಬಣ್ಣಾನೂ ಅದ. ಬಳಿಗೆ ಎರಡರ ಫರಕ ಗೊತ್ತಾಗಿಲ್ಲ."

"ನಾ ದಿನಾ ಸಾಬಾಣ ಹಚ್ಚಿ ತೊಳಕೊಂಡ ಬರ್ತೇನ್ರಿ ಬಾಯಾರ. ಹಂಗಾಮು ಮುಗಿಯೂತನಕ ಇದು ಹೋಗೂದಿಲ್ಲ. ನಮ್ಮ ಶೆಡ್ಡಿನ್ಯಾಗ ಎಲ್ಲಾರ ಕೈನೂ ಹಿಂಗ."

ಏಳು ವರ್ಷ ನಜ್ಮಾ ಬಳೆಯನ್ನು ಆರುನೂರು ಹೆಂಗಸರ ಮೇಲೆ ಪರೀಕ್ಷಿಸಿದ್ದರು. ಎಲ್ಲರೂ ಪಟ್ಟಣದ ಕಾಲೇಜು, ಆಸ್ಪತ್ರೆಗಳಿಂದ ಕೈ ತೊಳೆದು ಬಂದವರು. ಬೆವರು, ಸಾಬೂನು, ಕ್ರೀಮು, ಮದರಂಗಿ ಎಲ್ಲವನ್ನೂ ಪರೀಕ್ಷಿಸಿ ನೋಡಿದ್ದ ಆಕೆಗೆ, ಮದುವೆಯ ಹಿಂದಿನ ದಿನ ಸ್ವಂತ ಅಕ್ಕನ ಕೈಗೆ ತಾವೇ ಬಳಿದಿದ್ದ ಅರಿಶಿನ ಮಾತ್ರ ನೆನಪಾಗಿರಲಿಲ್ಲ.

ಪ್ರಾಚಾರ್ಯ ಸೋಮಸುಂದರ್ ಮೈಸೂರು ಕಡೆಯವರು, ನಿಯಮದ ಮನುಷ್ಯ. ವರದಿ ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹಾಗಾದ್ರೆ ಇವರ ನಿಜವಾದ ಅಂಕ ಎಷ್ಟು ಡಾಕ್ಟ್ರೇ?"

"ರಕ್ತದ ಲೆಕ್ಕದಲ್ಲಿ ಎಂಟು."

"ನಲವತ್ತರ ಕೆಳಗೆ ಪ್ರವೇಶ ಇಲ್ಲ. ನಿಯಮ ಬರೆಯೋವಾಗ ನೀವೂ ಕೂತಿದ್ರಿ. ಸೋಮವಾರ ಇವರ ಹೆಸರು ತೆಗೀಲೇಬೇಕು. ನಾಳೆ ಇನ್ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

ಅಂದು ಶುಕ್ರವಾರ. ರಸ್ತೆ ಪರೀಕ್ಷೆಗೆ ಇನ್ನು ಎಂಟು ದಿನ. ಬಾಗಿಲ ಬಳಿ ನಿಂತಿದ್ದ ಶಾವಂತ್ರೆವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಸಾಹೇಬ್ರ, ಬಳಿ ಸುಳ್ಳ ಹೇಳಿತು, ಒಪ್ಪಿದೆ. ಆದ್ರ ನಾ ಹಿಂದಕ ತಗೊಳ್ಳೂದು ಕಲತೇನಲ್ರಿ. ಅದು ಖರೇನೋ ಸುಳ್ಳೋ?"

ನಜ್ಮಾ ಬೆಚ್ಚಿದವರಂತೆ ಅವಳ ಮುಖ ನೋಡಿದರು. ಇಡೀ ದಿನ ತಮ್ಮ ಬಳೆಯ ತಪ್ಪನ್ನೇ ಯೋಚಿಸುತ್ತಿದ್ದ ಆಕೆಗೆ ದೊಡ್ಡ ಪ್ರಶ್ನೆ ಕಂಡದ್ದು ಆಗ. ಹಾರ್ಮೋನು ಹದಿನಾಲ್ಕೇ ಇದ್ದರೆ ಮಿದುಳಿನ ಅಲೆ ಅಷ್ಟು ಎತ್ತರ ಎದ್ದದ್ದು ಹೇಗೆ? ಹಣೆಪಟ್ಟಿಗೆ ಅರಿಶಿನ ಹತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ನಜ್ಮಾ ಹೊಳೆಮುದ್ದಾಪುರಕ್ಕೆ ಹೋದರು. ಶಾವಂತ್ರೆವ್ವನ ನಿದ್ದೆ, ಊಟ, ಔಷಧಿ, ಏನಾದರೂ ಸುಳಿವು ಸಿಗಬಹುದೆಂಬ ಆಸೆ. ಸುಳಿವಿಗಿಂತ ಮೊದಲು ಊಟ ಸಿಕ್ಕಿತು: ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.

"ಭಾಳ ಚಲೋ ಆಗೇತ್ರಿ ಎಣಗಾಯಿ," ಎಂದರು ನಜ್ಮಾ.

ಒಲೆಯ ಮುಂದೆ ಶಾವಂತ್ರೆವ್ವನ ಕೈ ನಿಂತಿತು. ಎದುರು ಕುಳಿತಿದ್ದ ಕಲ್ಲವ್ವ, "ಹಸದವರಿಗೆ ಹಂಚಿನ ಚೂರೂ ಚಲೋನ," ಎಂದಳು.

"ಅಜ್ಜಿ, ನಿಮಗ ಚಲೋ ಅನಿಸಿಲ್ಲೇನ್ರಿ?"

"ಅನಿಸೂದ ಬ್ಯಾರೆ, ಅನ್ನೂದ ಬ್ಯಾರೆ ಐತವಾ. ಚಲೋ ಅಂದ ದಿನ ರೊಟ್ಟಿ ದಪ್ಪ ಆಗ್ತಾವು."

ಈರಪ್ಪ ಬಿದ್ದು ಬಿದ್ದು ನಕ್ಕ. ಶಾವಂತ್ರೆವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮೂವತ್ತೊಂದ ವರ್ಷ ಆತ್ರಿ ಬಾಯಾರ. ನಾ ಈಗ ಆಸೆ ಇಟಗೊಳ್ಳೂದ ಇಲ್ಲ. ಬರೂದಿಲ್ಲ ಅಂತ ತಿಳಕೊಂಡ ಕುಂತ್ರ ಬ್ಯಾಸರ ಇಲ್ಲ. ಬಂದ ದಿನ ಹಬ್ಬ," ಎಂದಳು.

ನಜ್ಮಾರ ತುತ್ತು ತಟ್ಟೆಯಲ್ಲೇ ಉಳಿಯಿತು. "ಪಾಠಕ್ಕ ಮದಲ ಪರದೆ ಕೇಳ್ತೈತಲ್ರಿ, ಗೆಜ್ಜಿ ಘಲ್ಲಂತೈತೇನಂತ. ನೀವು ಮುಳ್ಳ ಎಲ್ಲಿಗೆ ಇಡ್ತೀರಿ?"

"ಒಂದಕ್ಕ."

"ಯಾವಾಗಲೂ?"

"ಸೊನ್ನಿಗೆ ಇಟ್ರ ಗುರುಗಳಿಗೆ ಅವಮಾನ ಅಲ್ಲೇನ್ರಿ? ಅದಕ್ಕ ಒಂದು."

ನಜ್ಮಾ ಊಟ ಮುಗಿಸಿ, ಕಲ್ಲವ್ವನ ಕಾಲಿಗೆ ನಮಸ್ಕರಿಸಿ, ಸೀದಾ ಕೇಂದ್ರಕ್ಕೆ ಬಂದು ಮೂರು ವಾರದ ಮಾಹಿತಿ ತೆರೆದರು. ಮುಳ್ಳಿನ ಉತ್ತರಗಳನ್ನು ಯಾರೂ ನೋಡಿಯೇ ಇರಲಿಲ್ಲ. ಬಳೆಯೊಂದೇ ಸಾಕು ಎಂದುಕೊಂಡಿದ್ದರು. ಹನ್ನೊಂದು ಹುಡುಗಿಯರು ಸರಾಸರಿ ಏಳಕ್ಕೆ ಮುಳ್ಳು ಇಟ್ಟಿದ್ದರು. ಹತ್ತರಲ್ಲಿ ಏಳು ಸಲ ಬಂದೇ ಬರುತ್ತದೆಂದು ಕಾಯುವವರಿಗೆ ಗೆಜ್ಜೆ ದೊಡ್ಡ ಸುದ್ದಿಯಲ್ಲ. ಶಾವಂತ್ರೆವ್ವನ ಮುಳ್ಳು ನಾನೂರ ಹದಿನೆಂಟು ಪಾಠಗಳಲ್ಲಿ ಒಂದರಿಂದ ಕದಲಿರಲಿಲ್ಲ. ಅದು ಬಾಯಿಮಾತಿನ ವಿನಯವಾಗಿದ್ದರೆ ದಿನ ಕಳೆದಂತೆ ಮಿದುಳಿನ ಅಲೆ ಇಳಿಯಬೇಕಿತ್ತು, ಮಿದುಳಿಗೆ ಗೆಜ್ಜೆ ರೂಢಿಯಾಗಬೇಕಿತ್ತು. ಇಳಿದಿರಲಿಲ್ಲ. ನಾನೂರ ಹದಿನೆಂಟನೆಯ ಪಾಠಕ್ಕೂ ಅವಳ ಮಿದುಳು ಮೊದಲ ಸಲದಂತೆ ಬೆರಗುಪಟ್ಟಿತ್ತು.

ಡೋಪಮೈನ್ ಸಾರುವುದು ಅಂದುಕೊಂಡದ್ದಕ್ಕೂ ಸಿಕ್ಕದ್ದಕ್ಕೂ ಇರುವ ಅಂತರವನ್ನು. ಹಾರ್ಮೋನು ಆ ದನಿಯನ್ನು ಹಿಗ್ಗಿಸುತ್ತದೆ, ನಿಜ. ಅಂತರವೇ ದೊಡ್ಡದಿದ್ದವರಿಗೆ ಹಿಗ್ಗಿಸುವವರು ಇಲ್ಲದಿದ್ದರೂ ದನಿ ಕೇಳುತ್ತದೆ. ನಜ್ಮಾ ಗುಣಾಕಾರದ ಒಂದು ಅಂಕಿಯನ್ನು ಏಳು ವರ್ಷ ಅಳೆದು, ಇನ್ನೊಂದನ್ನು ಮರೆತಿದ್ದರು. ಇಷ್ಟಕ್ಕೂ ಇದು ಒಬ್ಬಳ ಕಥೆ. ಸಿದ್ಧಾಂತವಾಗಲು ಇನ್ನೂ ನೂರಾರು ಜನ ಬೇಕು. ಆದರೆ ನಿಯಮವೊಂದನ್ನು ತಡೆಯಲು ಒಬ್ಬಳು ಸಾಕು ಎಂದು ಆಕೆ ವರದಿ ಬರೆದರು. ಮೊದಲ ಸಾಲು: "ಬಳೆಯಲ್ಲಿ ದೋಷವಿದೆ, ದೋಷ ನನ್ನದು."

ಸೋಮವಾರ ಬೆಳಗ್ಗೆ ಹತ್ತೂಮುಕ್ಕಾಲಿಗೆ ಸೋಮಸುಂದರ್ ಗೋಡೆ ಪರದೆಯ ಮುಂದೆ ನಿಂತಿದ್ದರು. ಹನ್ನೆರಡು ಗೆರೆಗಳೂ ಮೇಲೆ ಹೋಗಿ ಅಲ್ಲೇ ನಿಂತಿದ್ದವು. ಹನ್ನೆರಡು ಬಳೆಗಳೂ ಹಸಿರು.

"ಡಾಕ್ಟ್ರೇ, ಏನಿದು?"

ನಜ್ಮಾ ಕಿಟಕಿಯಿಂದ ಅಂಗಳ ನೋಡಿದರು. ಹುಡುಗಿಯರು ಸಾಲಾಗಿ ನಿಂತಿದ್ದರು. ಹನ್ನೊಂದು ಜೊತೆ ಮಣಿಕಟ್ಟುಗಳು ಮದುಮಗಳ ಕೈಯಂತೆ ಹಳದಿಯಾಗಿದ್ದವು. ಶಾವಂತ್ರೆವ್ವ ಮಾತ್ರ ಒಂದು ಪಕ್ಕಕ್ಕೆ, ತಾನು ಹೇಳಿಕೊಟ್ಟದ್ದಲ್ಲ ಎಂಬಂತೆ ಆಕಾಶ ನೋಡುತ್ತ ನಿಂತಿದ್ದಳು.

"ಇದೇನಮ್ಮ ಇದು?" ಎಂದು ಸೋಮಸುಂದರ್ ಮೆಟ್ಟಿಲಿಳಿದು ಬಂದರು.

"ಇವತ್ತ ನಮ್ಮೆಲ್ಲಾರ್ದೂ ಕಲಿಯೂ ದಿನಾ ರೀ ಸರ," ಎಂದಳು ದೀಪಾಲಿ. "ನನ್ನ ಬಳಿ ಹತ್ತ ದಿನದಿಂದ ಬೂದ ಐತ್ರಿ. ಹತ್ತ ದಿನ ಚಿಹ್ನೆ ಪುಸ್ತಕ ಓದಿ ಓದಿ, ಕನಸಿನ್ಯಾಗ ನೋ ಪಾರ್ಕಿಂಗ್ ಬರಾಕ ಹತ್ತೇತಿ. ಶಾವಕ್ಕನ ಹೆಸರ ತಗದ್ರ ನಾವೆಲ್ಲಾ ಹಿಂಗ ಬರ್ತೇವಿ. ತಗೀದಿದ್ರೂ ಬರ್ತೇವಿ."

ಫಕೀರಪ್ಪ ಕೆಮ್ಮಿದರು. "ಸಾಹೇಬ್ರ, ನಾ ಕಲಸಿದ ಮ್ಯಾಲೆ ಯಾರಿಗೆ ಬರ್ತೈತಿ ಯಾರಿಗೆ ಬರೂದಿಲ್ಲ ಅನ್ನೂದು ಹಿಂದಿನ ಗಾಲಿ ನೋಡಿದ್ರ ನನಗ ಗೊತ್ತಾಗ್ತೈತಿ. ಬಳಿ ನೋಡೂದು ಬೇಕಾಗಿಲ್ಲ."

ಸೋಮಸುಂದರ್ ನಜ್ಮಾರ ವರದಿಯನ್ನು ಅಂಗಳದಲ್ಲೇ ನಿಂತು ಓದಿದರು. ನಿಯಮ ಮುರಿಯುವುದು ಅವರಿಂದ ಆಗದ ಕೆಲಸ. ಕಡೆಗೆ ಪೆನ್ನು ತೆಗೆದು ಪ್ರವೇಶ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳ ಮುಂದೆಯೂ ಬಳೆಯ ಅಂಕವನ್ನು ಹೊಡೆದುಹಾಕಿ, "ಲಭ್ಯವಿಲ್ಲ" ಎಂದು ಬರೆದರು.

"ನಲವತ್ತರ ಕೆಳಗಿದ್ರೆ ಪ್ರವೇಶ ಇಲ್ಲ ಅನ್ನತ್ತೆ ನಿಯಮ. ಲಭ್ಯವಿಲ್ಲ ಅಂದ್ರೆ ನಲವತ್ತರ ಕೆಳಗೆ ಅಂತ ಎಲ್ಲೂ ಬರೆದಿಲ್ಲ," ಎಂದರು. ನಜ್ಮಾರತ್ತ ತಿರುಗಿ, ದನಿ ತಗ್ಗಿಸಿ, "ವಾಪಸ್ ಕಳಿಸಿದ ಹದಿಮೂರು ಜನರ ವಿಳಾಸ ಇದೆ ನನ್ನ ಹತ್ರ. ಮುಂದಿನ ತಂಡಕ್ಕೆ ಕಾಗದ ಹಾಕಣ," ಎಂದು ಸೇರಿಸಿದರು.

ಹುಡುಗಿಯರ ಕೂಗಿಗೆ ಹುಣಸೆಮರದ ಗಿಳಿಗಳೆಲ್ಲ ಹಾರಿದವು. ಇದು ನಿಜವಾದ ಹುಣಸೆಮರ. ದೀಪಾಲಿ ಇನ್ನೂ ಅದಕ್ಕೆ ಗುದ್ದಿರಲಿಲ್ಲ.

ರಸ್ತೆ ಪರೀಕ್ಷೆ ಶನಿವಾರ. ಪರೀಕ್ಷಿಸಲು ಬಂದ ಅಧಿಕಾರಿ ಮಾತಾಡದ ಮನುಷ್ಯ. ಎಡಕ್ಕೆ, ಬಲಕ್ಕೆ, ನಿಲ್ಲಿಸಿ, ಇಷ್ಟೇ. ಶಾವಂತ್ರೆವ್ವ ನಿಜವಾದ ಬಸ್ಸನ್ನು ಊರ ಹೊರಗೆ ತಂದು, ಕಾಲುವೆಯ ಕಿರುಸೇತುವೆಯ ಮೇಲೆ ಮುಕ್ಕಾಲು ದಾಟಿದ್ದಳು. ಆಗ ಎದುರಿನ ತಿರುವಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂತು. ಹಿಂದೆ ಒಂದಲ್ಲ, ಎರಡು ಟ್ರಾಲಿ. ಅದು ಹಿಂದಕ್ಕೆ ಹೋಗುವ ಮಾತೇ ಇರಲಿಲ್ಲ.

ಟ್ರ್ಯಾಕ್ಟರಿನವನು ಹೆಂಗಸನ್ನು ನೋಡಿ ಇಂಜಿನ್ ಆರಿಸಿ, ಕೈಕಟ್ಟಿ ಕುಳಿತ. "ತಗೀತಾಳೇನ ಇಕಿ?" ಎಂದು ಕಬ್ಬಿನ ಮೇಲೆ ಕುಳಿತವನನ್ನು ಕೇಳಿದ. ದನಿ ಬಸ್ಸಿನೊಳಗೆಲ್ಲ ಕೇಳಿಸಿತು.

ಹಿಂದಿನ ಸೀಟಿನಲ್ಲಿ ಫಕೀರಪ್ಪ ಮಂಡಿಯ ಮೇಲೆ ಬೆರಳು ಒತ್ತಿ ಕುಳಿತರು. ಪರದೆಯಿಲ್ಲ, ಮುಳ್ಳಿಲ್ಲ, ಬಳೆ ಬಿಚ್ಚಿ ಐದು ದಿನವಾಗಿತ್ತು. ಶಾವಂತ್ರೆವ್ವ ಎಡಗನ್ನಡಿ ನೋಡಿದಳು, ಬಲಗನ್ನಡಿ ನೋಡಿದಳು. ಹಿಂದಿನ ಗಾಲಿ ತಡವಾಗಿ ಕೇಳುತ್ತದೆ. ಸೇತುವೆಯ ಅಂಚಿಗೂ ಗಾಲಿಗೂ ಒಂದು ಗೇಣು ಬಿಟ್ಟು ಅರವತ್ತು ಮೀಟರ್ ಹಿಂದಕ್ಕೆ ಬಂದು, ಬೇವಿನ ಮರದ ಬುಡದಲ್ಲಿ ಬಸ್ಸು ನಿಲ್ಲಿಸಿದಳು. ಟ್ರ್ಯಾಕ್ಟರ್ ದಾಟಿ ಹೋಗುವಾಗ ಅದರ ಚಾಲಕ ಹಣೆಗೆ ಕೈಹಚ್ಚಿ ಸಲಾಮು ಹೊಡೆದ.

ಅಧಿಕಾರಿ ಕಾಗದದ ಮೇಲೆ ಏನೋ ಬರೆದು ಹಾಳೆ ಹರಿದು ಕೊಟ್ಟ. ಶಾವಂತ್ರೆವ್ವ ಅದನ್ನು ಓದದೆ ಫಕೀರಪ್ಪನವರಿಗೆ ದಾಟಿಸಿದಳು.

"ಏನ್ರಿ ಗುರುಗಳ, ಆಗಿಲ್ಲ ಹೌದಲ್ರಿ?"

ಫಕೀರಪ್ಪ ಹಾಳೆ ನೋಡಿದರು. "ಬರೋಬ್ಬರಿ," ಎಂದರು.

ಏಪ್ರಿಲ್ ಮೂರರಂದು ಹೊಳೆಮುದ್ದಾಪುರಕ್ಕೆ ಬಸ್ಸು ಬಂತು. ಬೆಳಗ್ಗೆ ಐದೂವರೆಗೆ ಶೆಡ್ಡಿನ ನಲವತ್ತು ಹೆಂಗಸರು ಸೀಟು ಹಿಡಿದು ಕುಳಿತರು. ಹಳದಿ ಕೈಗಳು ಮುಂದಿನ ಸೀಟಿನ ಸರಳುಗಳ ಮೇಲೆ. ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕಲ್ಲವ್ವ, ತಂಗಿಗೆಂದು ಗಂಟು ಕಟ್ಟಿದ ರೊಟ್ಟಿಯೊಂದಿಗೆ. ಹಿಂದೆ ನಜ್ಮಾ, ಹೊಸ ಲೇಪದ ಬಳೆಗೆ ಶೆಡ್ಡಿನ ಹೆಂಗಸರ ಒಪ್ಪಿಗೆ ಕೇಳಲು ಬಂದಿದ್ದರು. ಕಾಲುವೆಯ ಏರಿಯ ತಿರುವಿನಲ್ಲಿ, ಟೆಂಪೋ ಮಗುಚಿದ್ದ ಜಾಗದಲ್ಲಿ, ಕಲ್ಲವ್ವ ಗಂಟನ್ನು ಎದೆಗೆ ಒತ್ತಿಕೊಂಡಳು. ಬಸ್ಸು ತುಸುವೂ ವಾಲದೆ ದಾಟಿತು.

ತೇರದಾಳದಲ್ಲಿ ತಂಗಿಯ ಮನೆ, ಚಹಾ, ಅಳು, ನಗು, ಜಗಳ. ಸಂಜೆ ಅದೇ ಬಸ್ಸಿನಲ್ಲಿ ವಾಪಸು. ಊರ ಅಗಸಿ ಬಾಗಿಲ ಮುಂದೆ ಶೆಡ್ಡಿನ ಹೆಂಗಸರೆಲ್ಲ ಇಳಿದರು. ಈರಪ್ಪ ದಾರಿ ಕಾಯುತ್ತ ನಿಂತಿದ್ದ. ಕಲ್ಲವ್ವ ಇಳಿಯಲಿಲ್ಲ.

"ಅತ್ತಿ, ಊರ ಬಂತ್ರಿ."

"ಗೊತ್ತೈತಿ."

"ಇಳೀರಿ ಹಂಗಾರ. ನಾ ಗಾಡಿ ಹಚ್ಚಿ ಬರ್ತೇನಿ."

ಕಲ್ಲವ್ವ ಸೀಟಿನ ಸರಳನ್ನು ಎರಡೂ ಕೈಯಿಂದ ಹಿಡಿದು, ಎದುರಿನ ಗಾಜಿನಾಚೆಯ ರಸ್ತೆಯನ್ನೇ ನೋಡುತ್ತ ಹೇಳಿದಳು:

"ಇನ್ನೊಂದು ಸುತ್ತ ಹಾಕು."

ಕೆಳಗೆ ಈರಪ್ಪ ಒಂದು ಕ್ಷಣ ಬಾಯಿ ತೆರೆದು ನಿಂತವನು ಪೇಡೆಯ ಅಂಗಡಿಯತ್ತ ಓಡಿದ. ಹಿಂದಿನ ಸೀಟಿನಲ್ಲಿ ಇನ್ನೂ ಕುಳಿತಿದ್ದ ನಜ್ಮಾ, ಹಣೆಪಟ್ಟಿ ತರಬೇಕಿತ್ತು ಎಂದು ಕೈ ಹಿಸುಕಿಕೊಂಡರು. ಶಾವಂತ್ರೆವ್ವ ಸೆರಗಿನಿಂದ ಕಣ್ಣೊರೆಸಿ, ಎಡಗನ್ನಡಿ ನೋಡಿ, ಬಲಗನ್ನಡಿ ನೋಡಿ, ಬಸ್ಸನ್ನು ಹಿಂದಕ್ಕೆ ತೆಗೆದಳು.